ಬಾಯಿಬಿಟ್ಟು ಎಣಿಸಿ
ನಮ್ಮ ಶಾಲೆಯ ಒಂದನೇ ತರಗತಿಯ ಟೀಚರಮ್ಮನಿಗೆ ಮಣಿ ಎಂದರೆ ಮಣಿಯಲ್ಲ, ಮಕ್ಕಳ ಗಂಟಲಿಗೆ ಹೊಂಚು ಹಾಕಿ ಕೂತ ಶತ್ರು. ಲೆಕ್ಕ ಕಲಿಸಲು ರಟ್ಟು, ಮಣಿ, ಬಾಟಲಿ ಮುಚ್ಚಳಗಳಿಂದ ಅವರು ಮಾಡುವ ಆಟಿಕೆಗಳನ್ನು ನೋಡಲು ಎರಡು ಕಣ್ಣು ಸಾಲದು. ಆದರೆ ಪ್ರತಿಯೊಂದೂ ಮೊದಲು ಅವರ ಬಾಯಿಗೆ ಹೋಗಿ, ಗಂಟಲಿಗೆ ಜಾರುವುದಿಲ್ಲವೆಂದು ಖಾತ್ರಿಯಾಗಬೇಕು. ಸ್ಟಾಫ್ ರೂಮಿನಲ್ಲಿ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದರೆ ನಾವು ಉಳಿದ ಟೀಚರುಗಳು ಮಾತಾಡಿಸುವುದಿಲ್ಲ. ಒಳಗೆ ಪರೀಕ್ಷೆ ನಡೆದಿರುತ್ತದೆ. ಚುಚ್ಚೀತೆಂದು ಉಜ್ಜಿ ಉಜ್ಜಿ, ಅವರ ರಟ್ಟಿನ ತ್ರಿಕೋನಕ್ಕೆ ಕೋನವೇ ಉಳಿದಿಲ್ಲ. ಉಳಿದ ತರಗತಿಗಳಲ್ಲಿ "ಬಾಯಿ ಮುಚ್ಚಿ" ಎಂದರೆ, ಇಲ್ಲಿ "ಬಾಯಿಬಿಟ್ಟು ಎಣಿಸ್ರೋ, ಇನ್ನೂ ಜೋರಾಗಿ." ಎಣಿಸುವ ಬಾಯಿ ಏನನ್ನೂ ನುಂಗಲಾರದು ಎಂಬುದು ಅವರ ನಂಬಿಕೆ. ಒಂದು ಮಗು ಸುಮ್ಮನಾದರೂ ಸಾಕು, ಜೀವ ಬಾಯಿಗೆ ಬರುತ್ತದೆ. ಮೊನ್ನೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ತುಟಿ ಬಿಗಿದು ಕೂತಿದ್ದಳು. ಟೀಚರಮ್ಮ ಓಡಿಹೋಗಿ ಅವಳ ದವಡೆ ಹಿಡಿದು, "ಆ ಅನ್ನು, ಆ ಅನ್ನು" ಎಂದು ಬೆರಳು ಹಾಕಿ ನೋಡಿದರೆ ಬಾಯಿ ಖಾಲಿ. "ಮನಸ್ಸಲ್ಲೇ ಎಣಿಸ್ತಿದ್ದೆ ಮಿಸ್, ಮಣಿ ಬೇಕಾಗ್ಲೇ ಇಲ್ಲ" ಎಂದಳು ಹುಡುಗಿ. ಟೀಚರಮ್ಮ ಇಷ್ಟೆಲ್ಲ ಮಣಿ ಪೋಣಿಸಿದ್ದು ಆ ಒಂದು ಮಾತು ಕೇಳುವುದಕ್ಕೇ. ಅವಳ ಬೆನ್ನು ಸವರಿದರು. "ಜಾಣೆ ಕಣೇ ನೀನು," ಎಂದರು, "ಆದ್ರೂ ಜೋರಾಗಿ ಎಣಿಸು ಪುಟ್ಟಿ, ನಂಗೆ ಕೇಳಿಸ್ತಾ ಇರ್ಬೇಕು."