ಜುಲೈ ಆರರ ಹುಳು

ಮೊನ್ನೆ ಚಿಂತಾಮಣಿಯ ಬೇಕರಿಯಲ್ಲಿ ಬ್ರೆಡ್ ಪೊಟ್ಟಣ ಹಿಡಿದು ನಿಂತುಬಿಟ್ಟೆ. ಮೇಲೆ ನಾಲ್ಕು, ಓರೆಗೆರೆ, ಐದು ಎಂದು ಅಚ್ಚಾಗಿತ್ತು. ಏಪ್ರಿಲ್ ಐದೋ, ಮೇ ನಾಲ್ಕೋ?

"ಏನ್ ಸಾರ್, ಬ್ರೆಡ್ಡಿಗೆ ಜಾತಕ ನೋಡ್ತಿದ್ದೀರಾ?" ಎಂದ ಅಂಗಡಿಯವನು. ನಾನೂ ನಕ್ಕೆ. ವರದಿಗಾರನ ಹಳೆಯ ಚಾಳಿ, ವಯಸ್ಸಾದಂತೆ ರೋಗವಾಗಿದೆ. ಆದರೆ ನಗು ಬಸ್‌ಸ್ಟ್ಯಾಂಡಿನವರೆಗೂ ಉಳಿಯಲಿಲ್ಲ. ಮೇಲೂರಿನ ರತ್ನಕ್ಕ ನೆನಪಾದಳು. ಸಿಟ್ಟು ನೆತ್ತಿಗೇರಿತು.

ರತ್ನಕ್ಕ ನನ್ನ ದೊಡ್ಡಮ್ಮನ ಮಗಳು. ರೇಷ್ಮೆ ಹುಳು ಸಾಕುವುದರಲ್ಲಿ ಅವಳಿಗಿರುವ ಶಿಸ್ತನ್ನು ನಾನು ನಮ್ಮ ಪತ್ರಿಕೆಯ ಡೆಸ್ಕಿನಲ್ಲೂ ಕಂಡಿಲ್ಲ. ಕಾಲು ತೊಳೆಯದವರು ಯಾರೇ ಆಗಲಿ, ಹುಳುಮನೆಯ ಹೊರಗೇ. ಎಳೆ ಹುಳುಗಳನ್ನು ಚಾಕಿ ಕೇಂದ್ರದವರು ಕೆಲವು ದಿನ ಸಾಕಿ, ಎರಡನೇ ಜ್ವರಕ್ಕೆ ಕೂತಾಗ ರೈತರ ಮನೆಗೆ ತಂದುಕೊಡುತ್ತಾರೆ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ತಿನ್ನುವುದು ಬಿಟ್ಟು ಅಲುಗಾಡದೆ ಕೂತು ಪೊರೆ ಕಳಚುವ ಹೊತ್ತು. ಎದ್ದೊಡನೆ ಅದಕ್ಕೆ ಎಲೆ ಬೇಕೇ ಬೇಕು.

ಹೋದ ವರ್ಷ ಜುಲೈ ಆರಕ್ಕೆ ಹುಳು ಬೇಕೆಂದು ಬರೆಸಿ, ಆ ಹೊತ್ತಿಗೆ ಹೊಸ ಎಲೆ ತುಂಬುವಂತೆ ರತ್ನಕ್ಕ ಹಿಪ್ಪುನೇರಳೆ ತೋಟ ಕಡಿದಿದ್ದಳು. ಜೂನ್ ಏಳರ ಬೆಳಿಗ್ಗೆ ನಾನು ಅವಳ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ವ್ಯಾನು ಬಂದು ನಿಂತಿತು. ತಟ್ಟೆ ತಟ್ಟೆ ಹುಳು. ತೋಟದಲ್ಲಿ ಬರೀ ಮೋಟು, ಚಿಗುರು ಆಗಷ್ಟೇ ಕಣ್ಣು ಬಿಡುತ್ತಿತ್ತು.

ಅವಳು ಕೇಂದ್ರಕ್ಕೆ ಫೋನು ಮಾಡಿದಳು. ಕಂಪ್ಯೂಟರಿನವನು, "ಅಕ್ಕಾ, ಶೀಟಲ್ಲಿ ಇವತ್ತಿಗೇ ಐತಲ್ಲ" ಎಂದ.

"ಹಂಗಾದ್ರೆ ಆ ಶೀಟ್ನೇ ತಂದಾಕಪ್ಪ, ತಿನ್ಲಿ."

ಕೆಂಚಾರ್ಲಹಳ್ಳಿವರೆಗೂ ಎಲೆಗೆ ಅಲೆದೆವು. ಎಲ್ಲರ ಮನೆಯಲ್ಲೂ ತಿನ್ನುವ ಹುಳುಗಳಿದ್ದವು. ಸಿಕ್ಕಿದ್ದು ನಾಲ್ಕಾರು ಹೊರೆ, ಒಂದು ಹೊತ್ತಿಗಾಗುವಷ್ಟು. ಮರುದಿನ ಹುಳುಗಳು ಜ್ವರ ಬಿಟ್ಟೆದ್ದು, ಅದನ್ನು ತಿಂದು ಮುಗಿಸಿ, ತಲೆಯೆತ್ತಿ ಬರಿದಾದ ತಟ್ಟೆಯಲ್ಲಿ ಅತ್ತಿತ್ತ ತಡಕಾಡತೊಡಗಿದವು. ರತ್ನಕ್ಕ ಬಾಗಿಲೆಳೆದುಕೊಂಡು ಹೊರಗೆ ಕೂತಳು. "ಒಳಕ್ಕೆ ಹೋಗ್ಬೇಡ ಕಣೋ. ನೋಡಕ್ಕಾಗಲ್ಲ." ಅವುಗಳಲ್ಲಿ ಹೆಚ್ಚಿನವು ಗುಂಡಿ ಸೇರಿದವು.

ನಾನು ಕೇಂದ್ರಕ್ಕೆ ಹೋದೆ. ಕಂಪ್ಯೂಟರಿನವನು ಒಳ್ಳೆಯವನೇ, ಕುರ್ಚಿ ಕೊಟ್ಟ. "ಆರು ಏಳು ಅಂತ್ಲೇ ಹೊಡ್ದಿದ್ದು ಸಾರ್. ಅದೇ ತಿರುಗಿಸ್ಕೊಂಡೈತೆ." ಆ ಯಂತ್ರದಲ್ಲಿ ತಿಂಗಳು ಮೊದಲು, ತಾರೀಖು ಆಮೇಲೆ. ನಮ್ಮ ಜುಲೈ ಆರು ಅದಕ್ಕೆ ಜೂನ್ ಏಳು. ಹನ್ನೆರಡರ ನಂತರದ ತಾರೀಖು ಕೊಟ್ಟವರು ಬಚಾವು, ಹದಿಮೂರನೇ ತಿಂಗಳಿಲ್ಲವಲ್ಲ! ಅವು ಯಂತ್ರಕ್ಕೆ ತಾರೀಖೆಂದು ಅರ್ಥವಾಗದೆ, ಹೊಡೆದಂತೆಯೇ ಶೀಟಿನ ಸೆಲ್ಲೆಂಬ ಚೌಕದ ಎಡಕ್ಕೆ ಅಂಟಿಕೊಂಡಿದ್ದವು. ತಪ್ಪಾದವು ಮಾತ್ರ ಬಲಕ್ಕೆ ಠಾಕುಠೀಕಾಗಿ ಸಾಲುಗಟ್ಟಿದ್ದವು.

"ಅದೇ" ಎಂದರೆ ಯಾರು? ಕರ್ತೃವಿಲ್ಲದ ವಾಕ್ಯವನ್ನು ನಾನು ಡೆಸ್ಕಿನಲ್ಲಿ ಎಂದೂ ದಾಟಲು ಬಿಟ್ಟವನಲ್ಲ. ಯಂತ್ರಕ್ಕೆ ನಮ್ಮ ತಾರೀಖಿನ ಕ್ರಮ ಹೇಳಿಕೊಡಬೇಕಾದವರು ಒಬ್ಬರಿದ್ದರು, ಹೇಳಿಕೊಡಲಿಲ್ಲ. ವ್ಯಾನು ಕಳಿಸುವ ಮುನ್ನ ಒಂದು ಫೋನು ಮಾಡಬೇಕಾದವರಿದ್ದರು, ಮಾಡಲಿಲ್ಲ.

ಬ್ರೆಡ್ಡಿನ ನೆಪದಲ್ಲಿ ಮೊನ್ನೆ ಮನೆಗೆ ಬಂದು ರತ್ನಕ್ಕನಿಗೆ ಫೋನು ಮಾಡಿದೆ.

"ಕೇಂದ್ರದೋರು ಬಂದಿದ್ರು ಕಣೋ, ಈ ಸಲದ ಹುಳಕ್ಕೆ ಬರ್ಕೊಳ್ಳೋಕೆ. ಹಳೇದೆಲ್ಲ ಸರಿ ಮಾಡವ್ರಂತೆ, ತೋರ್ಸಿದ್ರು. ನನ್ ಹೆಸ್ರಿನ ಮುಂದೆ ಜುಲೈ ಆರು, ಹುಳ ತಲುಪಿದೆ ಅಂತೈತೆ."

"ನೀನೇನಂದೆ?"

"ಯಾವ ಹುಳ ಅಂದೆ. ಶೀಟ್ ಮುಚ್ಕೊಂಡ್ರು."

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಅಚ್ಚಾಗುತ್ತದೆ. ಮೊದಲಿನ ತಪ್ಪು ಕಡತದಲ್ಲಿ ಹಾಗೇ ಉಳಿಯುತ್ತದೆ, ಉಳಿಯಬೇಕು. ಇಲ್ಲಿ ಸೆಲ್ಲಿನಲ್ಲಿ ತಾರೀಖಿನ ಕ್ರಮ ಬದಲಿಸಿದರು, ನಡೆದದ್ದೇ ಅಳಿಸಿಹೋಯಿತು. ಈಗ ಲೆಕ್ಕದ ಪ್ರಕಾರ ಯಾವ ಹುಳುವೂ ಹಸಿದಿರಲಿಲ್ಲ. ಅವತ್ತಿನದಕ್ಕಿಂತ ಇವತ್ತಿನ ನನ್ನ ಸಿಟ್ಟು ದೊಡ್ಡದು.

ಆದ್ದರಿಂದ ಯಾವ ಯಂತ್ರವೂ ತಿರುಗಿಸಲಾಗದಂತೆ, ನಿಮ್ಮೆದುರು ಅಕ್ಷರದಲ್ಲೇ ಬರೆದಿಡುತ್ತೇನೆ. ಮೇಲೂರಿನ ರತ್ನಕ್ಕನ ಮನೆಗೆ ಹುಳು ಬಂದದ್ದು ಜೂನ್ ತಿಂಗಳ ಏಳನೇ ತಾರೀಖು. ಜುಲೈ ಆರರಂದು ಯಾರೂ ಬರಲಿಲ್ಲ. ಅವತ್ತು ತೋಟದ ತುಂಬ ಎಲೆಯಿತ್ತು.