ಒಳಗೆ ಬಿಟ್ಟ ಬಟ್ಟೆ

"ನೀನೇ ಒಂದ್ಸಲ ಹಾಕ್ಕೊಂಡು ತೋರ್ಸವ್ವ" ಎಂದು ಆ ಹೆಂಗಸು ಹೊಸ ರವಿಕೆಯನ್ನು ನನ್ನ ಕೈಗೇ ಕೊಟ್ಟರು. ತೊಂಬತ್ತರ ದಶಕದಲ್ಲಿ ನಾನು ಆಲೂರಿನಲ್ಲಿ ಹೊಲಿಗೆ ಕಲಿಯುತ್ತಿದ್ದಾಗ ಸಿಕ್ಕ ಮೊದಲ ಗಿರಾಕಿ ಅವರು, ಪಾಳ್ಯದ ಕಡೆಯವರು. ಗಿರಾಕಿಗೆ ತೃಪ್ತಿಯಾಗದಿದ್ದರೆ ನಮ್ಮ ಟೀಚರ್ ಪೂರ್ತಿ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು. ಅಳತೆಗೆಂದು ಆ ಹೆಂಗಸು ಕೊಟ್ಟಿದ್ದು ಪುಟ್ಟ ಹುಡುಗಿಯ ಜಾಕೀಟು. "ಇದು ಹಳೇದು. ಮಗಳು ಈಗ ನಿನ್ನಷ್ಟಾಗವ್ಳೆ, ನಿನ್ನಳತೆಗೇ ಹೊಲಿ" ಎಂದಿದ್ದರು.

ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದೆ. ಭುಜ ಹಿಡಿದು ನನ್ನನ್ನು ನಿಧಾನಕ್ಕೆ ತಿರುಗಿಸಿದರು, ಬೆನ್ನು ಸವರಿದರು. ನನ್ನ ಮುಖ ಮಾತ್ರ ನೋಡಲೇ ಇಲ್ಲ. ಬಗಲಿನ ಹೊಲಿಗೆ ಮಗುಚಿ, ಮುಂದೆ ಬಿಡಿಸಿಕೊಳ್ಳಲೆಂದು ನಾನು ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಮುಟ್ಟಿ ನಕ್ಕರು.

"ಮಗಳನ್ನೇ ಕರ್ಕೊಂಡ್ ಬರ್ಬೋದಿತ್ತಲ್ಲಕ್ಕ" ಎಂದೆ.

"ನಾಳೆ ಪಕ್ಷ ಕಣವ್ವ, ಅವ್ಳ ಎಡೆ ಜೊತೆ ಇಡಕ್ಕೆ. ಒಳಗೆ ಬಟ್ಟೆ ಬಿಟ್ಟಿದ್ದು ಒಳ್ಳೇದಾಯ್ತು. ಇನ್ನೂ ಬೆಳೆಯೋ ಹುಡ್ಗಿ."

ಪಿತೃಪಕ್ಷದಲ್ಲಿ ತೀರಿಕೊಂಡವರಿಗೆ ಹೊಸ ಬಟ್ಟೆಯೊಂದಿಗೆ ಇಡುವ ಎಡೆ ಅದು. ರವಿಕೆ ಇನ್ನೂ ನನ್ನ ಮೈಮೇಲೇ ಇತ್ತು.

ಗಿರಾಕಿ ಅಷ್ಟು ಖುಷಿಯಾಗಿ ಹೋದದ್ದು ಕಂಡು ಟೀಚರ್ ಬೆನ್ನು ತಟ್ಟಿದರು. ಮರುವರ್ಷ ಪಕ್ಷದ ಹೊತ್ತಿಗೆ ನನ್ನ ರವಿಕೆಗಳೆಲ್ಲ ಬಿಗಿಯಾದವು. ಬಿಡಿಸಿಕೊಳ್ಳಲು ಕತ್ತರಿ ಹಿಡಿದು ಕೂತವಳಿಗೆ ಇದ್ದಕ್ಕಿದ್ದಂತೆ ಅನ್ನಿಸಿತು: ಅವಳಿಗೂ ಈಗ ಬಿಗಿಯಾಗಿರುತ್ತದೆ.