ಶುಕ್ರವಾರ ಮಧ್ಯಾಹ್ನದ ಡಿಜೆ ಲೋಕೇಶ

ಲೋಕೇಶ ಡಿಜೆ ಹಾಕುವಾಗ ಸದ್ದೇ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತರೂ ಕೇಳುತ್ತಿದ್ದದ್ದು ಟ್ಯಾಬಿನ ಗಾಜಿನ ಮೇಲೆ ಬೆರಳು ತಟ್ಟುವ ಟಕಟಕ, ಬರಿಗಾಲು ನೆಲಕ್ಕೆ ತಾಳ ಹಾಕುವ ದಬದಬ, ಅಷ್ಟೇ. ಹಾಡೆಲ್ಲ ಅವನ ಹೆಡ್‌ಫೋನಿಗೆ ಹೋಗುತ್ತಿತ್ತು, ಜೊತೆಗೆ ಎಲ್ಲೆಲ್ಲೋ ಇರುವವರ ಫೋನುಗಳಿಗೆ. ಆಸಾಮಿ ಮಾತ್ರ ಬೆವರುತ್ತಿದ್ದ, ಕತ್ತು ಕುಣಿಸುತ್ತಿದ್ದ, ಒಂದು ಕೈ ಮೇಲೆತ್ತಿ ಎದುರಿಗಿದ್ದ ಖಾಲಿ ತಾರಸಿಯನ್ನು ಕುಣಿಯಲು ಕರೆಯುತ್ತಿದ್ದ.

ಕುದೂರಿನ ಬಸ್ಸು ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಮೇಲೆ ತಾರಸಿ. ಲೋಕೇಶ ನಮ್ಮೂರಿನ ಶಾಮಿಯಾನದ ಅಂಗಡಿಯಲ್ಲಿ ಸೌಂಡ್ ಕೆಲಸಕ್ಕಿದ್ದ. ಮೂವತ್ತು ದಾಟಿತ್ತು, ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬನೇ ಇದ್ದ. ಒಂದು ದಿನ ಬೆನ್ನಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತ.

"ಅಕ್ಕ, ನಿಮ್ ತಾರಸಿ ಮ್ಯಾಲೆ ನೆಟ್‌ವರ್ಕ್ ಚೆನ್ನಾಗ್ ಸಿಕ್ತದೆ. ಶುಕ್ರವಾರ ಮದ್ಯಾನ ಒಸಿ ಹೊತ್ತು ಡಿಜೆ ಹಾಕ್ಕತೀನಿ."

"ಬ್ಯಾಡಪ್ಪ. ಎದುರು ಮನೇಲಿ ಬಾಣಂತಿ ಅವ್ಳೆ."

"ಸದ್ದು ಬರಾಕಿಲ್ಲ ಅಕ್ಕ. ಬಂದ್ರೆ ಅವತ್ತೇ ಇಳಿಸ್ಬುಡಿ."

ಚೀಲ ಬಿಚ್ಚಿ ತೋರಿಸಿದ. ಒಂದು ಟ್ಯಾಬು, ಅಂಗೈಯಗಲದ ಮಿಕ್ಸರು, ಇಟ್ಟಿಗೆಯಂಥ ಪವರ್ ಬ್ಯಾಂಕು, ಮಡಚುವ ಸ್ಟ್ಯಾಂಡು. ಇಷ್ಟು ಇಟ್ಟುಕೊಂಡು ಡಿಜೆ ಹೇಗಾಗುತ್ತದೋ ನನಗೆ ತಿಳಿಯಲಿಲ್ಲ. ಆದರೂ ಹೂಂ ಅಂದೆ.

ಮುಂದಿನ ವಾರಗಳಲ್ಲಿ ಗೊತ್ತಾಯಿತು. ಚನ್ನಪಟ್ಟಣದ ನಯಾಜ್ ಅಂತ ಅವನಿಗೊಬ್ಬ ಗೆಳೆಯ. ಇಬ್ಬರೂ ಸೇರಿ ಟೆಂಪೋ ತುಂಬ ಸ್ಪೀಕರ್ ಹೇರಿಕೊಂಡು ಮಾಗಡಿ, ಕನಕಪುರ ಅಂತ ಮದುವೆ ಮನೆಗಳಿಗೆ ಹೋಗುತ್ತಿದ್ದರಂತೆ. ಒಂದು ಹಾಡು ಇವನದು, ಮುಂದಿನದು ಅವನದು. ಆಮೇಲೆ ನಯಾಜ್ ಗಲ್ಫಿಗೆ ಹೋದ, ಶೈತ್ಯಾಗಾರದಲ್ಲಿ ಕೆಲಸ. ಶುಕ್ರವಾರ ಅವನಿಗೆ ರಜ. ನಮ್ಮ ನಾಲ್ಕು ಗಂಟೆ ಹೊತ್ತಿಗೆ ಅವನ ನಮಾಜು, ಊಟ ಮುಗಿದಿರುತ್ತಿತ್ತು. ಅದಕ್ಕೇ ಆ ಹೊತ್ತು, ಆ ವಾರ.

ಒಂದು ಸಲ ನಾನೂ ಫೋನಿನಲ್ಲಿ ಲೋಕೇಶನ ಲೈವ್ ಹಾಕಿಕೊಂಡೆ. ವಿಚಿತ್ರ ಅನ್ನಿಸಿತು. ತಲೆ ಮೇಲೆ ಕಾಲಿನ ತಾಳ ಮೊದಲು ಬರುತ್ತಿತ್ತು. ಆ ತಾಳದ ಹಾಡು ಫೋನಿನಲ್ಲಿ ತಡವಾಗಿ ಬರುತ್ತಿತ್ತು. ಮೇಲೆ ಕಾಲು ನಿಂತಮೇಲೂ ಕೆಳಗೆ ನನ್ನ ಮೇಜಿನ ಮೇಲೆ ಅವನು ಇನ್ನೂ ಕುಣಿಯುತ್ತಿದ್ದ. ನೋಡುವವರು ಹತ್ತಿಪ್ಪತ್ತು ಜನ ಇರುತ್ತಿದ್ದರು, ಹಾಗೇ ಜಾರಿ ಹೋಗುತ್ತಿದ್ದರು. ಇವನು ಮಾತಾಡುತ್ತಿದ್ದದ್ದು ಒಬ್ಬನ ಜೊತೆ.

"ಏನ್ಲಾ, ಉಂಡ್ಯಾ? ಇದು ಕನಕಪುರದಲ್ಲಿ ಕರೆಂಟ್ ಹೋದಾಗ ನಿಂತೋಗಿತ್ತಲ್ಲ, ಆ ಹಾಡು. ಇವತ್ತು ಪೂರ್ತಿ ಕೇಳು."

ಆಮೇಲೆ ಪ್ರತಿ ಶುಕ್ರವಾರವೂ ಹಾಕಿಕೊಳ್ಳತೊಡಗಿದೆ. ಮೊದಮೊದಲು ನಯಾಜ್ ಲೈವಿನ ಕೆಳಗೆ ಬರೆಯುತ್ತಿದ್ದ: ಬೇಸ್ ಜಾಸ್ತಿ ಮಾಡು, ಈ ಹಾಡು ಬೇಡ, ಹೀಗೆ. ಆಗೆಲ್ಲ ಕಾಲಿನ ಬಡಿತಕ್ಕೆ ನಮ್ಮ ಸೂರಿನ ಸುಣ್ಣ ಉದುರುತ್ತಿತ್ತು. ಬರಬರುತ್ತಾ ಬರೆಯುವುದು ಕಡಿಮೆಯಾಯಿತು. ಆಮೇಲೆ ಹೆಸರು ಮಾತ್ರ ಕಾಣುತ್ತಿತ್ತು, ಮಾತಿಲ್ಲ. ಲೋಕೇಶ ಕೇಳುವುದನ್ನು ಬಿಡಲಿಲ್ಲ. "ಉಂಡ್ಯಾ?" ಅಂದು ಪರದೆ ನೋಡಿ, "ಸರಿ, ಮುಂದಕ್ಕೋಗಾವ" ಅನ್ನುತ್ತಿದ್ದ.

ಒಮ್ಮೆ ನಯಾಜ್ ತಂಗಿ ಮದುವೆಗೆಂದು ರಜದಲ್ಲಿ ಬಂದ. ಲೋಕೇಶ ನನ್ನ ಹತ್ತಿರವೇ ಹೊಸ ಶರ್ಟು ಹೊಲಿಸಿಕೊಂಡು, ಚೀಲ ಬೆನ್ನಿಗೇರಿಸಿ ಚನ್ನಪಟ್ಟಣದ ಬಸ್ಸು ಹತ್ತಿದ. ಇಬ್ಬರೂ ಸೇರಿ ಒಂದು ಸಲ ಹಾಕುತ್ತೇವೆ ಅಂತ ಹೊರಟವನು. ಮಾರನೆಯ ದಿನ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತ.

"ಚೆನ್ನಾಗ್ ಮಾತಾಡಿಸ್ದ ಅಕ್ಕ. ಪಕ್ಕದಲ್ಲೇ ಕೂರಿಸ್ಕಂಡು ಬಿರಿಯಾನಿ ಬಡಿಸ್ದ. ಚೀಲ ನೋಡಿ, ಇನ್ನೂ ಇದೇ ಆಡ್ತಿದ್ದೀಯೇನ್ಲಾ ಅಂದ."

"ತಮಾಷೆಗಂದಿರ್ತಾನೆ ಬುಡು."

"ಇಲ್ಲ. ನಾನೇ ಕೇಳ್ದೆ, ಯಾಕ್ಲಾ ಏನೂ ಬರೆಯಾಕಿಲ್ಲ ಅಂತ. ಫೋನ್ ಆನ್ ಮಾಡಿ ದಿಂಬಿನ ಪಕ್ಕ ಮಡಿಕ್ಕಂಡು ನಿದ್ದೆ ಮಾಡ್ಬುಡ್ತೀನಿ ಅಂದ. ಒಂದೇ ರೂಮಲ್ಲಿ ಏಳೆಂಟು ಜನ ಅಂತೆ, ವಾರವೆಲ್ಲ ಶಿಫ್ಟು. ನಿದ್ದೆ ಬರೋದೇ ಶುಕ್ರವಾರ ಅಂತೆ." ಸ್ವಲ್ಪ ಹೊತ್ತು ಚೀಲದ ಜಿಪ್ಪು ಎಳೆದಾಡಿದ. "ನಾನಿಲ್ಲಿ ಕುಣೀತಾವ್ನಿ. ಅವ್ನಲ್ಲಿ ಮಲಗವ್ನೆ."

ಇನ್ನು ಇವನು ತಾರಸಿ ಹತ್ತುವುದಿಲ್ಲ ಅಂದುಕೊಂಡೆ.

ನಯಾಜ್ ಗಲ್ಫಿಗೆ ವಾಪಸಾದ ಮೇಲೆ ಬಂದ ಮೊದಲ ಶುಕ್ರವಾರ ಲೋಕೇಶ ಬಂದ. ಹೊತ್ತಿಗೆ ಸರಿಯಾಗಿ ಮೇಲೆ ಹೋದ. ನಾನು ಕಾಲಿನ ಸದ್ದಿಗೆ ಕಾದೆ, ಬರಲಿಲ್ಲ. ಹತ್ತಿ ನೋಡಿದರೆ ನೀರಿನ ಟ್ಯಾಂಕಿನ ನೆರಳಲ್ಲಿ ಚಕ್ಕಳಮಕ್ಕಳ ಕೂತಿದ್ದ. ಬೆರಳು ಮಾತ್ರ ಗಾಜಿನ ಮೇಲೆ ನಿಧಾನ ಜಾರುತ್ತಿತ್ತು. ಕೆಳಗಿಳಿದು ಫೋನು ಹಾಕಿದೆ. ಅಷ್ಟು ಮೆಲ್ಲಗಿನ ಹಾಡುಗಳು ಅವನ ಹತ್ತಿರ ಇದ್ದವೆಂದೇ ನನಗೆ ಗೊತ್ತಿರಲಿಲ್ಲ. ಒಂದು ಮುಗಿದದ್ದು, ಇನ್ನೊಂದು ಶುರುವಾದದ್ದು ತಿಳಿಯದಂತೆ ಜೋಡಿಸುತ್ತಿದ್ದ. ಉಂಡ್ಯಾ ಅಂತ ಕೇಳಲಿಲ್ಲ. ಮಾತೇ ಆಡಲಿಲ್ಲ. ಇಳಿದು ಬಂದವನು, "ಅವ್ನಿಗೆ ಎಚ್ಚರ ಆಗ್ಬಾರ್ದು ನೋಡಿ" ಅಂದ, ಅಷ್ಟೇ.

ಅಲ್ಲಿಂದ ಮುಂದೆ ಹಾಗೇ ನಡೆಯಿತು. ಕುಣಿತ ನೋಡಲು ಬರುತ್ತಿದ್ದವರೆಲ್ಲ ಬಿಟ್ಟು ಹೋದರು. ಕೊನೆಗೆ ಪರದೆಯ ಮೇಲೆ ನಯಾಜ್ ಹೆಸರು, ನನ್ನ ಹೆಸರು, ಎರಡೇ.

ಶಾಮಿಯಾನದ ಅಂಗಡಿ ಮುಚ್ಚಿತು. ಲೋಕೇಶನಿಗೆ ಬಿಡದಿಯ ಕಡೆ ಒಂದು ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಭಾನುವಾರ ಬಿಟ್ಟು ರಜವಿಲ್ಲ. ಕೋಣೆ ಖಾಲಿ ಮಾಡಿ ಹೇಳಿಹೋಗಲು ಬಂದ. ಕಾಫಿ ಕೊಟ್ಟೆ.

"ಶುಕ್ರವಾರದ್ದು?" ಅಂದೆ.

"ಡ್ಯೂಟಿ ಅಕ್ಕ. ಅವನಿಗೇನು, ಗೊತ್ತೂ ಆಗಾಕಿಲ್ಲ. ಬತ್ತೀನಿ."

ಆ ಶುಕ್ರವಾರ ತಾರಸಿ ಮೇಲೆ ಸಂಡಿಗೆ ಒಣಹಾಕಿದೆ. ಅಭ್ಯಾಸಬಲದಿಂದ ಸಂಜೆ ಫೋನು ತೆಗೆದರೆ ಲೋಕೇಶನ ಹಳೆಯ ವೀಡಿಯೊದ ಕೆಳಗೆ ನಯಾಜ್ ಬರೆದಿದ್ದ. ಎಷ್ಟೋ ತಿಂಗಳ ಮೇಲೆ ಬರೆದ ಮಾತು: "ಇವತ್ತು ಯಾಕಿಲ್ಲ ಮಗಾ? ನಿದ್ದೆ ಬರ್ಲಿಲ್ಲ."

ಲೋಕೇಶನಿಗೆ ಫೋನು ಮಾಡಿ ಓದಿ ಹೇಳಿದೆ. ಹಿಂದುಗಡೆ ಪಾತ್ರೆಗಳ ಸದ್ದು, ಯಾರೋ ಅವನನ್ನು ಕೂಗುವುದು ಕೇಳುತ್ತಿತ್ತು.

"ಇನ್ನೊಂದ್ ಸಲ ಓದಿ ಅಕ್ಕ," ಅಂದ.

ಓದಿದೆ. "ಸರಿ" ಅಂದು ಇಟ್ಟುಬಿಟ್ಟ.

ಆಮೇಲೆ ಅವನು ಇತ್ತ ಬರಲಿಲ್ಲ. ಅವರಿಬ್ಬರೂ ಫೋನಿನಲ್ಲಿ ಮಾತಾಡಿಕೊಂಡರೋ ಇಲ್ಲವೋ ನಾನು ಕೇಳಲಿಲ್ಲ. ಆ ಸಾಲು ಈಗಲೂ ಅಲ್ಲೇ ಇದೆ, ಅದರ ಕೆಳಗೆ ಯಾರೂ ಏನೂ ಬರೆದಿಲ್ಲ.